ಹಾಕಿದ ಓಟಿಗೆ ತಕ್ಕ ಪಾಲು
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಾಲ, ಗೊಬ್ಬರ, ತೊಗರಿ ಖರೀದಿ ಬಗ್ಗೆ ಮಾತಾಡೋರು ಇಲ್ಲಿ ಬಹಳ ಮಂದಿ ಇದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಆದರೂ ಓಟಿನ ಲೆಕ್ಕದ ಬಗ್ಗೆ ಎರಡು ಮಾತು ಹೇಳಬೇಕೆಂದಿದ್ದೇವೆ.

ಮೊದಲು ಮನೆಯ ಮಾತು. ನಮ್ಮ ಸಂಘದ ಚುನಾವಣೆಯಲ್ಲಿ ಎಷ್ಟು ಸಾಮಾನ್ಯ ಜಾಗ ಇದ್ದಾವೋ ಅಷ್ಟು ಓಟು ಒಬ್ಬೊಬ್ಬ ಸದಸ್ಯ ಹಾಕುತ್ತಾನೆ. ಏಳು ಜಾಗ, ನೂರು ಮಂದಿ ಮತದಾರರು ಎಂದು ಹಿಡಿಯಿರಿ. 55 ಮಂದಿ ಒಂದು ಪೆನಲ್ಲಿಗೆ, 45 ಮಂದಿ ಇನ್ನೊಂದಕ್ಕೆ ಹಾಕಿದರೆ ಏಳಕ್ಕೆ ಏಳೂ ಜಾಗ 55ರವರ ಪಾಲು. ಉಳಿದ 45 ಮಂದಿ ಶೇರು ಹಣ ಕಟ್ಟಿದವರಲ್ಲವೇನ್ರಿ? ಸಣ್ಣ ಹಳ್ಳಿಯ ಸದಸ್ಯರು ಹೀಗೇ ಹೊರಗೆ ಉಳಿದದ್ದನ್ನು ನಾವು ಕಂಡಿದ್ದೇವೆ. ನಾವೂ ಪೆನಲ್ಲಿನಿಂದಲೇ ಗೆದ್ದು ಬಂದವರು, ಮುಚ್ಚಿಡುವುದಿಲ್ಲ.

ವಿಧಾನಸಭೆಯ ಕಥೆಯೂ ದೂರ ಇಲ್ಲ. 2018ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ಸಿಗೆ ಶೇ. 38 ಮತ, 78 ಸ್ಥಾನ, ಭಾಜಪಕ್ಕೆ ಶೇ. 36 ಮತ, 104 ಸ್ಥಾನ. 2023ರಲ್ಲಿ ಭಾಜಪಕ್ಕೆ ಅದೇ ಶೇ. 36 ಬಂತು, ಸ್ಥಾನ ಮಾತ್ರ 66. ಕಾಂಗ್ರೆಸ್ಸಿಗೆ ಶೇ. 43ರ ಹತ್ತಿರ ಮತ, 135 ಸ್ಥಾನ. ಯಾರು ಗೆದ್ದರು, ಯಾರು ಸೋತರು ಅನ್ನೋದು ನಮ್ಮ ಮಾತಲ್ಲ. ತೂಕ ಅಷ್ಟೇ ಇದ್ದು ಚೀಲದ ಎಣಿಕೆ ಬದಲಾದರೆ ಅಡತಿಯಲ್ಲಿ ನಾವು ಸುಮ್ಮನಿರುತ್ತೇವೇನು? ನಮ್ಮ ಚಿಂಚೋಳಿ ಕ್ಷೇತ್ರದಲ್ಲಿ ಆ ವರ್ಷ ತೀರ್ಮಾನ ಆದದ್ದು 858 ಮತದಲ್ಲಿ. ಸೋತ ಕಡೆಯ ಸಾವಿರಾರು ಓಟು ಲೆಕ್ಕಕ್ಕೇ ಬರಲಿಲ್ಲ.

ಇದಕ್ಕೆ ದಾರಿ ಇದೆ, ಅದೂ ನಮ್ಮ ಶಾಸಕರ ಕೈಯಲ್ಲೇ. ರಾಜ್ಯಸಭೆಗೆ ಅವರು ಅಭ್ಯರ್ಥಿಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. 224 ಶಾಸಕರೂ ಮತ ಹಾಕಿ ನಾಲ್ಕು ಜಾಗ ಇದ್ದರೆ 45 ಮತ ಸಿಕ್ಕವರು ಗೆದ್ದರು. ಹೆಚ್ಚಾದ ಮತ ಮುಂದಿನ ಪ್ರಾಶಸ್ತ್ಯದವರಿಗೆ ಹೋಗುತ್ತದೆ. ಸಣ್ಣ ಗುಂಪಿಗೂ ತನ್ನ ಪಾಲು ಸಿಗುತ್ತದೆ. ಇದೇ ಲೆಕ್ಕ ನಮ್ಮ ಏಳು ಜಾಗಕ್ಕೆ ಹಾಕಿದರೆ ಒಂದು ಜಾಗಕ್ಕೆ 13 ಓಟು ಸಾಕು: 55ರವರಿಗೆ ನಾಲ್ಕು, 45ರವರಿಗೆ ಮೂರು. ಶಾಸಕರಿಗೆ ಒಪ್ಪಿದ್ದು ರೈತರಿಗೆ ಯಾಕೆ ಬೇಡ?

ನ್ಯೂಜಿಲೆಂಡಿನವರು 1993ರಲ್ಲಿ ಜನಮತ ಕೇಳಿ ಪದ್ಧತಿಯನ್ನೇ ಬದಲಿಸಿದರು. 1996ರಿಂದ ಅಲ್ಲಿ ಒಬ್ಬೊಬ್ಬರಿಗೆ ಎರಡು ಓಟು, ಒಂದು ಕ್ಷೇತ್ರದ ಅಭ್ಯರ್ಥಿಗೆ, ಒಂದು ಪಕ್ಷಕ್ಕೆ.

ತೊಡಕು ಇಲ್ಲವೆಂದಲ್ಲ. ವಿಧಾನಸಭೆಗೆ ರಾಜ್ಯಸಭೆಯ ಪದ್ಧತಿ ತಂದರೆ ನಾಲ್ಕೈದು ಕ್ಷೇತ್ರ ಕೂಡಿಸಬೇಕಾಗುತ್ತದೆ, ಆಗ ನಮ್ಮ ರಸ್ತೆಗೆ ಯಾರನ್ನು ಹಿಡಿಯೋದು? ಎಣಿಕೆಯೂ ತಡ. ಅಕ್ಷರ ಬಾರದ ಹಿರಿಯರು ಅಂಕಿ ಬರೆಯೋದು ಹ್ಯಾಂಗ ಎಂದು ಒಬ್ಬರು ಕೇಳಿದರು. ಸಂತೆಯಲ್ಲಿ ಅವರೇ ನಮಗಿಂತ ಚೊಕ್ಕ ಲೆಕ್ಕ ಮಾಡ್ತಾರೆ.

ಕಾನೂನು ಬದಲಾಗೋದು ಸರಕಾರದ ಕೈಯಲ್ಲಿದೆ. ಅಷ್ಟರತನಕ ಪೆನಲ್ ಕಟ್ಟುವಾಗಲೇ ಸಣ್ಣ ಹಳ್ಳಿಗಳಿಗೆ ಎರಡು ಜಾಗ ಬಿಡೋಣ ಎಂದು ಹೋದ ಸಭೆಯಲ್ಲಿ ಕೇಳಿದೆವು. ಇಬ್ಬರು ಹೂಂ ಅಂದರು, ಉಳಿದವರು ಚಹಾ ಕುಡಿದರು. ಬರುವ ಮಹಾಸಭೆಯಲ್ಲಿ ಮತ್ತೆ ಕೇಳುತ್ತೇವೆ.