ಹಳೆಯ ಟ್ರ್ಯಾಕ್ಟರೂ ಕೃಷಿ ಮೇಳವೂ



ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಬೇವಿನ ಮರದ ನೆರಳಿಗೋ ತಗಡಿನ ಚಪ್ಪರದ ಕೆಳಗೋ ಬಣ್ಣ ಮಾಸಿದ ಟ್ರ್ಯಾಕ್ಟರುಗಳು ನಿಂತಿರುವುದನ್ನು ನೀವು ನೋಡಿದ್ದೀರಿ. ಇಪ್ಪತ್ತು, ಇಪ್ಪತ್ತೈದು ವರ್ಷ ದುಡಿದ ಯಂತ್ರಗಳು ಅವು. ಅವುಗಳ ಮಾಲೀಕರನ್ನು ಕೃಷಿ ಮೇಳಕ್ಕೆ ಕರೆದರೆ, "ಅದು ಹೊಸದು ಕೊಳ್ಳುವವರ ಸಂತೆ, ನಮಗಲ್ಲಿ ಏನು ಕೆಲಸ?" ಎನ್ನುವುದುಂಟು. ಈ ಮಾತು ಎಷ್ಟು ಸರಿ ಎಂಬುದನ್ನು ಇಂದು ವಿಚಾರ ಮಾಡೋಣ.

ನಮ್ಮ ಹಿರಿಯರು ಜಾತ್ರೆಗೆ ಹೋಗುತ್ತಿದ್ದುದು ದೇವರ ದರ್ಶನಕ್ಕೆ ಮಾತ್ರವಲ್ಲ. ಹಗ್ಗ, ಮಿಣಿ, ನೊಗ, ಗಾಲಿಯ ಅಚ್ಚು ಎಲ್ಲವೂ ಅಲ್ಲಿ ಸಿಗುತ್ತಿದ್ದವು. ಹೊಸ ಬಂಡಿ ಕೊಳ್ಳುವವರು ಕೆಲವರಾದರೆ, ಇದ್ದ ಬಂಡಿಯನ್ನು ಇನ್ನಷ್ಟು ವರ್ಷ ನಡೆಸಬೇಕೆಂದು ಬರುವವರೇ ಬಹಳ. ಇಂದು ಆ ಕೆಲಸವನ್ನು ರಾಯಚೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳ ಕೃಷಿ ಮೇಳಗಳು ಮಾಡಬಲ್ಲವು.

ಹೊರದೇಶದ ಒಂದು ಉದಾಹರಣೆ ನೋಡಿ. ಅಮೆರಿಕದ ಅನಾಪೊಲಿಸ್ ಎಂಬ ಕಡಲ ತೀರದ ಪಟ್ಟಣದಲ್ಲಿ 1970ರಲ್ಲಿ ಹಾಯಿದೋಣಿಗಳ ಪ್ರದರ್ಶನ ಆರಂಭವಾಯಿತು. ಅಂಥ ಪ್ರದರ್ಶನಗಳಿಗೆ ಹಳೆಯ ದೋಣಿಯವರೂ ಹೋಗುತ್ತಾರೆ. ದೋಣಿಯ ಒಡಲು ದಶಕಗಳ ಕಾಲ ಬಾಳುತ್ತದೆ. ಹಾಯಿ, ಹಗ್ಗ, ರಾಟೆಗಳು ಬೇಗ ಸವೆಯುತ್ತವೆ. ಅವನ್ನು ಕೈಯಲ್ಲಿ ಹಿಡಿದು ನೋಡಲು, ತಯಾರಿಸಿದವರನ್ನೇ ಕೇಳಲು ಅದು ತಕ್ಕ ಜಾಗ. ಟ್ರ್ಯಾಕ್ಟರಿನ ಕಥೆಯೂ ಇದೇ. ಎಂಜಿನ್ನು, ಗೇರುಪೆಟ್ಟಿಗೆಗಳು ಗಟ್ಟಿ. ಕ್ಲಚ್ಚು, ಬೇರಿಂಗು, ಸೀಲು, ಟೈರುಗಳು ಸವೆಯುವಂಥವು.

ಹಾಗಾದರೆ ಹಳೆಯ ಟ್ರ್ಯಾಕ್ಟರಿಗೆ ಹೊಸ ಉಪಕರಣ ಹೊಂದುತ್ತದೆಯೇ? ಇದಕ್ಕೆ ಉತ್ತರ ಇತಿಹಾಸದಲ್ಲಿದೆ. ಐರ್ಲೆಂಡಿನಲ್ಲಿ ಹುಟ್ಟಿದ ಹ್ಯಾರಿ ಫರ್ಗ್ಯೂಸನ್ ಎಂಬ ಎಂಜಿನಿಯರ್ ಉಪಕರಣವನ್ನು ಮೂರು ಬಿಂದುಗಳಲ್ಲಿ ಟ್ರ್ಯಾಕ್ಟರಿಗೆ ಜೋಡಿಸಿ, ಹೈಡ್ರಾಲಿಕ್ ಶಕ್ತಿಯಿಂದ ಎತ್ತುವ ವಿಧಾನವನ್ನು ರೂಪಿಸಿದ. ಕೆಳಗೆ ಎರಡು ತೋಳು, ಮೇಲೆ ಒಂದು ಕೊಂಡಿ. 1936ರಲ್ಲಿ ಈ ಜೋಡಣೆಯುಳ್ಳ ಅವನ ಟ್ರ್ಯಾಕ್ಟರು ಮಾರಾಟಕ್ಕೆ ಬಂದಿತು. ಮುಂದೆ ಜಗತ್ತಿನ ತಯಾರಕರು ಇದಕ್ಕೆ ಸಮಾನ ಅಳತೆಗಳನ್ನು ಒಪ್ಪಿಕೊಂಡರು. ಮೊದಲನೆಯ ವರ್ಗದಲ್ಲಿ ಕೆಳಗಿನ ಪಿನ್ನು ಸುಮಾರು 22 ಮಿಲಿಮೀಟರ್, ಮೇಲಿನದು 19. ಎರಡನೆಯ ವರ್ಗದಲ್ಲಿ ಕ್ರಮವಾಗಿ 28 ಮತ್ತು 25. ಈ ಅಳತೆ ಕೂಡಿದರೆ ಹಳೆಯ ಟ್ರ್ಯಾಕ್ಟರಿಗೂ ಹೊಸ ಕೂರಿಗೆಯನ್ನು ಕಟ್ಟಬಹುದು. ಆದರೆ ಅದನ್ನು ಎಳೆಯುವ, ಎತ್ತುವ ಶಕ್ತಿ ಇದೆಯೇ ಎಂಬುದನ್ನೂ ನೋಡಬೇಕು.

ಬಿಡಿಭಾಗಗಳ ಪ್ರಶ್ನೆ ಇದಕ್ಕಿಂತ ತೊಡಕಿನದು. ಎಚ್.ಎಂ.ಟಿ. ಸಂಸ್ಥೆ 1971ರಿಂದ ಹರಿಯಾಣದ ಪಿಂಜೋರಿನಲ್ಲಿ, ಜೆಕೊಸ್ಲೊವಾಕಿಯಾದ ಜೆಟರ್ ಕಂಪನಿಯ ಸಹಯೋಗದಿಂದ ಟ್ರ್ಯಾಕ್ಟರ್ ತಯಾರಿಸಿತು. 2016ರಲ್ಲಿ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಕಾರ್ಖಾನೆ ಮುಚ್ಚಿದರೂ ಹೊಲದಲ್ಲಿರುವ ಯಂತ್ರ ನಿಲ್ಲಬೇಕಾಗಿಲ್ಲ. ಐಷರ್ ಟ್ರ್ಯಾಕ್ಟರ್ ವ್ಯವಹಾರವನ್ನು 2005ರಲ್ಲಿ ಚೆನ್ನೈನ ಟಾಫೆ ಕೊಂಡಿತು. ಸ್ವರಾಜ್ ತಯಾರಿಸುತ್ತಿದ್ದ ಪಂಜಾಬ್ ಟ್ರ್ಯಾಕ್ಟರ್ಸ್ 2007ರಲ್ಲಿ ಮಹೀಂದ್ರಾ ಕೈಸೇರಿತು. ಯಾವ ಮಾದರಿಯ ಭಾಗ ಈಗ ಯಾರಲ್ಲಿ ಸಿಗುತ್ತದೆ, ಯಾವುದಕ್ಕೆ ಯಾವುದು ಬದಲಿಯಾಗುತ್ತದೆ ಎಂಬುದನ್ನು ಮೇಳದಲ್ಲಿ ಒಂದೇ ದಿನ ಹತ್ತು ಕಡೆ ವಿಚಾರಿಸಬಹುದು. ಅದೇ ಮಾದರಿಯ ಟ್ರ್ಯಾಕ್ಟರುಳ್ಳ ಬೇರೆ ಊರಿನ ರೈತರೂ ಅಲ್ಲಿ ಸಿಕ್ಕಾರು. ಅವರ ಅನುಭವ ಯಾವ ಮುದ್ರಿತ ಪತ್ರಕ್ಕೂ ಕಡಿಮೆಯಲ್ಲ. ಸಿಕ್ಕದ ಭಾಗವನ್ನು ಲೇತಿನ ಮೇಲೆ ಕಡೆದು ಕೊಡಬಲ್ಲ ಕುಶಲಕರ್ಮಿಗಳನ್ನು ವಾಡಿ, ಶಹಾಬಾದಿನಂಥ ಕಾರ್ಖಾನೆಯ ಊರುಗಳಲ್ಲಿ ಹುಡುಕಬಹುದು.

ಇಷ್ಟೆಲ್ಲ ಏಕೆ ಎಂದು ನೀವು ಕೇಳಬಹುದು. ನಮ್ಮದು ತೊಗರಿಯ ನಾಡು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೆ ಬಹುಪಾಲು ಬೆಳೆ ಮಳೆಯನ್ನೇ ನಂಬಿದೆ. ಬಿತ್ತನೆಯ ಹದ ಸಿಗುವುದು ಕೆಲವೇ ದಿನ. ಆಗ ಟ್ರ್ಯಾಕ್ಟರು ಕೆಟ್ಟು ನಿಂತರೆ ಹದ ತಪ್ಪುತ್ತದೆ. ಇದಕ್ಕೆ ಹೆದರಿ ಸಾಲ ಮಾಡಿ ಹೊಸದು ತಂದರೆ, ಮಳೆ ಕೈಕೊಟ್ಟ ವರ್ಷವೂ ಕಂತು ಕಟ್ಟಲೇಬೇಕು. ಹತ್ತು ಸಾವಿರದ ದುರಸ್ತಿಯಿಂದ ಆಗುವ ಕೆಲಸಕ್ಕೆ ಲಕ್ಷಗಟ್ಟಲೆ ಸಾಲ ಬೇಕೇ ಎಂದು ಲೆಕ್ಕ ಹಾಕುವುದು ಜಾಣತನ. ವರ್ಷಕ್ಕೆ ನಾಲ್ಕು ದಿನ ಬೇಕಾಗುವ ಉಪಕರಣವನ್ನು ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಮೇಲು. 2014ರ ಸುಮಾರಿಗೆ ರಾಜ್ಯದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳ ಉದ್ದೇಶವೂ ಅದೇ.

ದುರಸ್ತಿಗೂ ಮಿತಿಯಿದೆ. ಬ್ರೇಕು ನಿಲ್ಲದ, ಸ್ಟೀರಿಂಗು ಸಡಿಲವಾದ ಯಂತ್ರವನ್ನು ಹಾಗೆಯೇ ಓಡಿಸುವುದು ಉಳಿತಾಯವಲ್ಲ. ಹಿಂದಿನ ಪಿ.ಟಿ.ಓ. ದಂಡದ ವಿಷಯವನ್ನೇ ತೆಗೆದುಕೊಳ್ಳಿ. ರಾಶಿಯಂತ್ರವನ್ನು ತಿರುಗಿಸುವ ಈ ದಂಡ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ಸುತ್ತುತ್ತದೆ. ಅದರ ವ್ಯಾಸ ಸುಮಾರು 35 ಮಿಲಿಮೀಟರ್. ಗಣಿತ ಬಲ್ಲ ನೀವೇ ಲೆಕ್ಕ ಹಾಕಿ: ಒಂದು ಸುತ್ತಿಗೆ 11 ಸೆಂಟಿಮೀಟರ್, ಒಂದು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮೀಟರ್. ಧೋತರದ ಚುಂಗೋ ಸೀರೆಯ ಸೆರಗೋ ಸಿಕ್ಕಿತೆಂದರೆ ಕೂಗುವಷ್ಟರಲ್ಲಿ ಅನಾಹುತ ಮುಗಿದಿರುತ್ತದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಈ ದಂಡದ ಮುಚ್ಚಳ ಕಳೆದುಹೋಗಿರುವುದುಂಟು. ಮೇಳದಲ್ಲಿ ಮೊದಲು ಕೊಳ್ಳಬೇಕಾದ ವಸ್ತು ಅದು.

ಇಲ್ಲಿ ನಿಮ್ಮ ಪಾತ್ರ ಬರುತ್ತದೆ. ಮನೆಯವರು ಮೇಳಕ್ಕೆ ಹೊರಡುವ ಮುನ್ನ ಒಂದು ನೋಟುಬುಕ್ಕಿನಲ್ಲಿ ಟ್ರ್ಯಾಕ್ಟರಿನ ಮಾದರಿ, ವರ್ಷ, ಎಂಜಿನ್ ಸಂಖ್ಯೆ, ಪಿನ್ನುಗಳ ದಪ್ಪ, ಟೈರಿನ ಮೇಲಿನ ಅಂಕಿ ಬರೆದುಕೊಳ್ಳಿ. ಯಂತ್ರದ ತೊಂದರೆಗಳನ್ನು ಒಂದೊಂದಾಗಿ ಪಟ್ಟಿ ಮಾಡಿ. ಮಳಿಗೆಯಲ್ಲಿ ಮೂರು ಪ್ರಶ್ನೆ ಕೇಳಿ: ಈ ಉಪಕರಣಕ್ಕೆ ಪಿ.ಟಿ.ಓ.ದಲ್ಲಿ ಎಷ್ಟು ಅಶ್ವಶಕ್ತಿ ಬೇಕು? ಕೆಟ್ಟರೆ ದುರಸ್ತಿ ಮಾಡುವವರು ಎಷ್ಟು ದೂರದಲ್ಲಿದ್ದಾರೆ? ಸರ್ಕಾರಿ ಪರೀಕ್ಷಾ ವರದಿ ಇದೆಯೇ? ಮಧ್ಯಪ್ರದೇಶದ ಬುದ್ನಿಯಲ್ಲೂ, ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲೂ ಕೃಷಿ ಯಂತ್ರಗಳನ್ನು ಪರೀಕ್ಷಿಸುವ ಕೇಂದ್ರ ಸರ್ಕಾರದ ಸಂಸ್ಥೆಗಳಿವೆ. ಸಹಾಯಧನದ ನಿಯಮಗಳು ಆಗಾಗ ಬದಲಾಗುತ್ತವೆ. ಅದನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೇ ಕೇಳಿ. ಮೇಳದ ದಿನವೇ ಮುಂಗಡ ಕೊಡುವ ಅವಸರ ಬೇಡ. ಮನೆಗೆ ಬಂದು, ಬರೆದುಕೊಂಡದ್ದನ್ನು ಹಿರಿಯರ ಮುಂದೆ ಓದಿ, ನಿಧಾನವಾಗಿ ನಿರ್ಧರಿಸಬಹುದು.

ಮೇಳದಿಂದ ಬರಿಗೈಯಲ್ಲಿ ಬಂದರೂ ತಿಳಿವಳಿಕೆ ತುಂಬಿಕೊಂಡು ಬಂದವರಿಗೆ ನಷ್ಟವಿಲ್ಲ. ಇದ್ದುದನ್ನು ಅರಿತು ಬಳಸುವುದೂ ಒಂದು ವಿದ್ಯೆಯೇ. ಆ ವಿದ್ಯೆ ನಿಮ್ಮ ಮನೆಯ ಅಂಗಳದಿಂದಲೇ ಆರಂಭವಾಗಲಿ.