ಲೆಕ್ಕ ಹೇಳುವ ಮೊದಲು ಕೇಳಿದ ಪ್ರಶ್ನೆಗಳು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ಮಹೋತ್ಸವ ಸಮಿತಿಯವರು ಫೋನ್ ಮಾಡಿ, "ಶಾಲೆಗೊಂದು ವೆಬ್‌ಸೈಟ್ ಆಗಬೇಕು, ಎಷ್ಟಾಗುತ್ತೆ?" ಎಂದು ಕೇಳಿದರು. ನಾನು ಲೆಕ್ಕ ಹೇಳಲಿಲ್ಲ. ಅದನ್ನು ನೋಡುವವರು ಯಾರು, ವಿಷಯ ಬರೆದು ಕೊಡುವವರು ಯಾರು, ಮೂರು ವರ್ಷದ ಮೇಲೆ ನೋಡಿಕೊಳ್ಳುವವರು ಯಾರು ಎಂದು ತಿರುಗಿ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನಮ್ಮೂರ ಹುಡುಗನೇ ಹೀಗೆ ಸತಾಯಿಸ್ತಾನಲ್ಲ" ಎಂದುಕೊಂಡಿರಬೇಕು. ಹಾಗಾಗಿ ಆ ಪ್ರಶ್ನೆಗಳನ್ನು ಏಕೆ ಕೇಳಿದೆ ಎಂಬುದನ್ನೇ ಇವತ್ತು ಹೇಳುತ್ತೇನೆ.

ಬಿ.ಇ. ಮುಗಿಸಿ ಕೆಲವು ವರ್ಷ ಬೆಂಗಳೂರಿನ ಕಂಪನಿಯಲ್ಲಿದ್ದೆ. ಈಗ ಸ್ವಂತವಾಗಿ ವೆಬ್‌ಸೈಟ್ ಮಾಡಿಕೊಡುತ್ತೇನೆ. ಇದಕ್ಕೆ ಫ್ರೀಲಾನ್ಸ್ ಎನ್ನುತ್ತಾರೆ. "ಮಗ ಯಾವ ಕಂಪನಿ?" ಎಂದು ಯಾರಾದರೂ ಕೇಳಿದರೆ ನಮ್ಮಮ್ಮ ಇವತ್ತಿಗೂ ಹಳೆಯ ಕಂಪನಿಯ ಹೆಸರನ್ನೇ ಹೇಳುತ್ತಾರೆ.

ಶುರುವಿನಲ್ಲಿ ಮಲೆನಾಡಿನ ಒಂದು ಹೋಂಸ್ಟೇಯವರ ಕೆಲಸ ಸಿಕ್ಕಿತು. ಯಜಮಾನರಿಗೆ ಮೊದಲ ಪುಟದಲ್ಲಿ ಜಲಪಾತದ ದೊಡ್ಡ ಚಿತ್ರ, ತೋಟದ ಚಿತ್ರ, ಮನೆತನದ ಇತಿಹಾಸ, ಎಲ್ಲವೂ ಬೇಕಿತ್ತು. ಹಾಗೇ ಮಾಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಬಹಳ ಚೆನ್ನಾಗಿ ಕಾಣುತ್ತಿತ್ತು. ಅವರ ಅಂಗಳದಲ್ಲಿ ನಿಂತು ಮೊಬೈಲಿನಲ್ಲಿ ತೆರೆದರೆ ಆ ಜಲಪಾತ ಇಳಿಯುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. ಕ್ಯಾಮೆರಾದಿಂದ ಬಂದ ಚಿತ್ರಗಳನ್ನು ನಾನು ಕುಗ್ಗಿಸಿರಲೇ ಇಲ್ಲ.

ಆ ಮನೆಗೆ ಬರುವ ಫೋನುಗಳಿಗೆ ಉತ್ತರಿಸುತ್ತಿದ್ದವರು ಯಜಮಾನರಲ್ಲ, ಅವರ ಮನೆಯವರು. ಅಡುಗೆಮನೆಯ ಬಾಗಿಲಲ್ಲಿ ಕೂತು, "ಅಕ್ಕಾ, ಜನ ಫೋನಿನಲ್ಲಿ ಏನು ಕೇಳ್ತಾರೆ?" ಎಂದೆ. ಅವರು ಒಂದೇ ಉಸಿರಿಗೆ ಹೇಳಿದರು: "ಬಿಸಿನೀರು ಉಂಟಾ, ಕಾರು ಬಾಗಿಲ ತನಕ ಬರ್ತದಾ, ಮಕ್ಕಳಿಗೆ ಖಾರ ಇಲ್ಲದ್ದು ಮಾಡಿ ಕೊಡ್ತೀರಾ, ನೆಟ್‌ವರ್ಕ್ ಸಿಗ್ತದಾ, ಇಂಬಳ ಇದೆಯಾ." ಆ ಐದು ಪ್ರಶ್ನೆಗೆ ಉತ್ತರ, ಬಾಡಿಗೆ, ದಾರಿ, ಫೋನ್ ನಂಬರು: ಮೊದಲ ಪುಟ ಅಷ್ಟೇ ಆಯಿತು. ಇಂಬಳದ ವಿಷಯ ಹಾಕುವುದು ಯಜಮಾನರಿಗೆ ಇಷ್ಟವಿರಲಿಲ್ಲ. "ಮಳೆಗಾಲದಲ್ಲಿ ಇರುತ್ತದೆ, ಉಪ್ಪು ಕೊಡುತ್ತೇವೆ" ಎಂದು ಬರೆದೆವು. ಬಂದ ಅತಿಥಿಗಳು ಅದನ್ನೇ ಹೇಳಿ ನಗುತ್ತಿದ್ದರಂತೆ.

ಆ ಕೆಲಸಕ್ಕೆ ನಾನು ಕಾಗದದಲ್ಲಿ ಏನನ್ನೂ ಬರೆದುಕೊಂಡಿರಲಿಲ್ಲ. "ಒಂದು ಸಣ್ಣ ಚೇಂಜ್ ಅಷ್ಟೇ ಮಾರಾಯ" ಎಂದು ರಾತ್ರಿ ಹತ್ತಕ್ಕೂ ವಾಟ್ಸ್‌ಆ್ಯಪಿನಲ್ಲಿ ದನಿ ಬರುತ್ತಿತ್ತು. ಮೂರು ವಾರದ ಕೆಲಸ ನಾಲ್ಕು ತಿಂಗಳಾಯಿತು, ಹಣ ಮಾತ್ರ ಮೂರು ವಾರದ್ದೇ. ಅವರದೇನೂ ತಪ್ಪಿಲ್ಲ, ಎಲ್ಲಿಗೆ ಮುಗಿಯುತ್ತದೆ ಎಂದು ನಾನು ಹೇಳಿದ್ದರಲ್ಲವೇ? ಈಗ ಎಷ್ಟು ಪುಟ, ಎಷ್ಟು ಸುತ್ತು ತಿದ್ದುಪಡಿ, ಯಾವ ದಿನಕ್ಕೆ ಏನು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ಮೂರನೇ ಒಂದು ಭಾಗ ಮುಂಗಡ, ವಿನ್ಯಾಸ ಒಪ್ಪಿದಾಗ ಇನ್ನೊಂದು, ಸೈಟ್ ತೆರೆಯುವ ಮೊದಲು ಉಳಿದದ್ದು.

ಇನ್ನೊಂದನ್ನು ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ವೆಬ್‌ಸೈಟಿನ ಹೆಸರಿಗೆ ಡೊಮೈನ್ ಎನ್ನುತ್ತಾರೆ. ಅದನ್ನು ಒಂದೇ ಸಲಕ್ಕೆ ಶಾಶ್ವತವಾಗಿ ಕೊಳ್ಳಲಾಗುವುದಿಲ್ಲ. ಅವಧಿ ಮುಗಿದ ಹಾಗೆ ಹಣ ಕಟ್ಟಿ ಉಳಿಸಿಕೊಳ್ಳಬೇಕು. ಆ ಹೋಂಸ್ಟೇಯ ಹೆಸರನ್ನು ನಾನು ಸುಲಭವಾಗಲೆಂದು ನನ್ನ ಹೆಸರಿನಲ್ಲಿ, ನನ್ನ ಕಾರ್ಡಿನಲ್ಲಿ ತೆಗೆದಿದ್ದೆ. ಕಾರ್ಡಿನ ಅವಧಿ ಮುಗಿಯಿತು. ನೆನಪೋಲೆಗಳು ನಾನು ತೆರೆಯದ ಹಳೆಯ ಇ-ಮೇಲಿಗೆ ಹೋದವು. ಡಿಸೆಂಬರ್ ಕೊನೆಯ ವಾರ, ಅವರಿಗೆ ವರ್ಷದ ದುಡಿಮೆಯ ಹೊತ್ತು, ಸೈಟ್ ಮಾಯವಾಯಿತು. ನನಗೆ ತಿಳಿದದ್ದು ಐದನೇ ದಿನ, ಆ ಅಕ್ಕ ಫೋನ್ ಮಾಡಿ, "ಜನ ನಮ್ಮನ್ನು ಮುಚ್ಚಿದ್ದೀರಾ ಅಂತ ಕೇಳ್ತಿದ್ದಾರೆ ತಮ್ಮಾ" ಎಂದಾಗ. ಅವಧಿ ಮೀರಿದ ಮೇಲೂ ಕೆಲವು ದಿನ ಕಾಲಾವಕಾಶ ಇರುತ್ತದೆ, ಆದ್ದರಿಂದ ಹೆಸರು ವಾಪಸು ಸಿಕ್ಕಿತು. ಆ ವರ್ಷ ಅವರಿಂದ ತೆಗೆದುಕೊಂಡಿದ್ದ ಹಣ ಹಿಂದಿರುಗಿಸಿದೆ. ಮರುವರ್ಷ ಅವರು ಕೆಲಸವನ್ನು ಬೇರೆಯವರಿಗೆ ಕೊಟ್ಟರು. ನಾನಾಗಿದ್ದರೂ ಕೊಡುತ್ತಿದ್ದೆ.

ಸಮಿತಿಯವರಿಗೆ ನಾನು ಹೇಳಿದ್ದು ಇದನ್ನೇ: ಡೊಮೈನ್ ನನ್ನ ಹೆಸರಿನಲ್ಲಿ ಬೇಡ, ಯಾವ ಮೇಷ್ಟ್ರ ಹೆಸರಿನಲ್ಲೂ ಬೇಡ. ಮೇಷ್ಟ್ರಿಗೆ ವರ್ಗವಾಗುತ್ತದೆ, ನಾನು ಎಲ್ಲಿರುತ್ತೇನೋ ಗೊತ್ತಿಲ್ಲ. ಶಾಲೆಯದೇ ಒಂದು ಇ-ಮೇಲ್ ಇರಲಿ. ಮುಖ್ಯೋಪಾಧ್ಯಾಯರು ಚಾರ್ಜ್ ವಹಿಸಿಕೊಡುವಾಗ ಬೀರುವಿನ ಕೀ, ನಗದು ಪುಸ್ತಕದ ಜೊತೆ ಅದರ ಪಾಸ್‌ವರ್ಡೂ ಪಟ್ಟಿಯಲ್ಲಿ ಬರಲಿ. ನಾನು ಶಾಲೆಯಿಂದ ಹಣ ತೆಗೆದುಕೊಳ್ಳುವುದಿಲ್ಲ, ಆದರೆ ಸಹಿ ಹಾಕಿದ ಹಾಳೆ ಇಲ್ಲಿಯೂ ಬೇಕು.

ಸ್ಮರಣ ಸಂಚಿಕೆಗೆ ಬಂದ ಲೇಖನಗಳನ್ನೇ ಸೈಟಿಗೂ ಹಾಕಬಹುದು ಎಂದು ಸಮಿತಿಯವರು ಕಳಿಸಿದ್ದರು. ಅವುಗಳಲ್ಲಿ ಅರ್ಧದಷ್ಟು ಹಳೆಯ ನುಡಿ ಫಾಂಟಿನಲ್ಲಿವೆ. ಅದೇ ಫಾಂಟು ಇಲ್ಲದ ಮೊಬೈಲಿನಲ್ಲಿ ಅದು ಕನ್ನಡವಾಗಿ ಕಾಣುವುದಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂಚಲಾಗಿ ಕಾಣುತ್ತದೆ. ಯೂನಿಕೋಡಿಗೆ ಬದಲಾಯಿಸುವ ತಂತ್ರಾಂಶ ಇದೆ, ಆದರೆ ಅರ್ಕಾವತ್ತು, ಒತ್ತಕ್ಷರಗಳಲ್ಲಿ ತಪ್ಪು ಉಳಿಯುವುದುಂಟು. ಪ್ರತಿ ಸಾಲನ್ನೂ ಒಬ್ಬರು ಓದಲೇಬೇಕು. ನಮ್ಮ ಕನ್ನಡ ಮೇಷ್ಟ್ರು ನಿವೃತ್ತರಾಗಿದ್ದರೂ ಒಪ್ಪಿಕೊಂಡಿದ್ದಾರೆ. ಕೆಂಪು ಪೆನ್ನು ಎಲ್ಲಿಟ್ಟಿದ್ದೇನೆ ನೋಡ್ತೀನಿ ಎಂದರು. ಈಗ ಓದುತ್ತಿರುವ ಮಕ್ಕಳ ಫೋಟೋ ಹಾಕುವುದಿದ್ದರೆ ತಂದೆತಾಯಿಯರ ಒಪ್ಪಿಗೆ ಬರಹದಲ್ಲಿ ಬೇಕು, ಅದನ್ನು ತರಗತಿ ಶಿಕ್ಷಕರು ಪಡೆದುಕೊಡಬೇಕು.

ಮೊದಲ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ: ಇದನ್ನು ನೋಡುವವರು ಯಾರು? ಮಗಳನ್ನು ಎಂಟನೇ ತರಗತಿಗೆ ಸೇರಿಸಬೇಕೆಂದಿರುವ ತಾಯಿಯೋ, ಹಳೆಯ ಫೋಟೋ ಹುಡುಕುವ ನನ್ನಂಥವನೋ? ಇಬ್ಬರಿಗೂ ಬೇಕಾದ್ದು ಬೇರೆ ಬೇರೆ. ಊಟವಾದ ಮೇಲೆ ಏಳನೇ ಕೋಣೆಯಲ್ಲಿ ಕೂರುತ್ತೇನೆ, ಒಂದು ನೋಟ್‌ಬುಕ್ ತಂದಿದ್ದೇನೆ. ದಯವಿಟ್ಟು ಬಂದು ಹೇಳಿ. ಮನೆಯಲ್ಲಿ ಹಳೆಯ ಗ್ರೂಪ್ ಫೋಟೋ ಇದ್ದವರು ಸಂಜೆಯೊಳಗೆ ತಂದುಕೊಡಿ, ಸ್ಕ್ಯಾನ್ ಮಾಡಿ ಇಲ್ಲೇ ವಾಪಸು ಕೊಡುತ್ತೇನೆ. ನಿಂತವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬೇರೆ ಚೀಟಿಯಲ್ಲಿ ಬರೆದು ತನ್ನಿ.