ಮಣ್ಣಿಗೆ ಹೋಗದವರು



ನಮ್ಮ ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಮದುವೆಗೆ ಹೋಗದಿದ್ದರೂ ನಡೆದೀತು, ಮಣ್ಣಿಗೆ ಹೋಗದಿದ್ದರೆ ನಡೆಯದು. ಮಾತು ಬಿಟ್ಟವರ ಮನೆಯಲ್ಲಿ ಸಾವಾದರೂ ಹೋಗಿ ನಿಂತು ಬರುವವನೇ ಮನುಷ್ಯ. 2020ರಲ್ಲಿ ಕೊರೋನಾ ಬಂದು ಈ ಲೆಕ್ಕ ತಲೆಕೆಳಗಾಯಿತು. ಹೋಗದೆ ಉಳಿದವನೇ ಒಳ್ಳೆಯವನಾದ. ಇಂದು ಪದವಿ ಪಡೆಯುತ್ತಿರುವ ನಿಮ್ಮಲ್ಲಿ ಕೆಲವರು ಆ ವರ್ಷ ಮಾಸ್ಕ್ ಹಾಕಿಕೊಂಡೇ ಎಸ್ಸೆಸ್ಸೆಲ್ಸಿ ಬರೆದವರು, ನಾನು ವಿವರಿಸಬೇಕಾಗಿಲ್ಲ.

ಈ ತಲೆಕೆಳಗು ಹೊಸದೇನಲ್ಲ. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿತು. ಅದೇ ವರ್ಷ ರೈಲು ಹತ್ತಿ ಬೆಂಗಳೂರನ್ನೂ ಮುಟ್ಟಿತು. ಆ ಹಳಿ ಹಾದುಹೋಗುವುದು ನಮ್ಮೂರಿನ ಮೇಲೆಯೇ. ಹಿಂದಿನ ವರ್ಷ ಬಂದಿದ್ದ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಹುಬ್ಬಳ್ಳಿಯೂ ಸೇರಿದ್ದ ಮುಂಬೈ ಪ್ರಾಂತದಲ್ಲಿ ಸರ್ಕಾರದವರು ಮನೆ ಹೊಕ್ಕು ರೋಗಿಗಳನ್ನು ಹುಡುಕುತ್ತಿದ್ದರು. ಜ್ವರ ಬಂದ ಹೆಂಗಸನ್ನು ಒಳಕೋಣೆಯಲ್ಲಿ ಬಚ್ಚಿಡುವುದು ಮನೆತನದ ಮಾನ ಕಾಯುವ ಕೆಲಸ. ಸುದ್ದಿ ಮುಟ್ಟಿಸಿದವನು ಮನೆಮುರುಕ. ಗುರುತಿಲ್ಲದ ಗಂಡಸೊಬ್ಬ ಕಂಕುಳ ಗಂಟು ಮುಟ್ಟಿ ನೋಡುತ್ತಾನೆಂದರೆ ಯಾರು ಬಾಯಿಬಿಟ್ಟಾರು? ಅವರನ್ನು ಮೂಢರೆನ್ನಲು ನನಗೆ ನಾಲಿಗೆ ಏಳುವುದಿಲ್ಲ. ಆದರೂ ಅದೇ ಹುಬ್ಬಳ್ಳಿಯಲ್ಲಿ ಹ್ಯಾಫ್‌ಕಿನ್ ಎಂಬ ವಿಜ್ಞಾನಿಯ ಪ್ಲೇಗು ಲಸಿಕೆಯನ್ನು 30 ಸಾವಿರಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. ನಂಬಿ ಹಾಕಿಸಿಕೊಂಡರೋ, ಹೆದರಿ ಹಾಕಿಸಿಕೊಂಡರೋ, ಅಂತೂ ತೋಳು ಒಡ್ಡಿದರು. ರೋಗಕ್ಕೆ ನಮ್ಮ ಮನಸ್ಸಿನ ಶುದ್ಧಿ ಕಟ್ಟಿಕೊಂಡು ಏನಾಗಬೇಕು? ನಾವು ಮಾಡಿದ್ದೇನು ಎಂಬುದಷ್ಟೇ ಅದಕ್ಕೆ ಲೆಕ್ಕ.

ನನ್ನ ಕಳವಳ ಬೇರೆ. ದೂರ ನಿಲ್ಲಿಸುವ ವಿದ್ಯೆಯನ್ನು ನಾವು ಕೊರೋನಾದಿಂದ ಕಲಿಯಲಿಲ್ಲ. ಜಾತಿಯ ಹೆಸರಲ್ಲಿ ಶತಮಾನಗಳಿಂದ ಕಲಿತು ಪಳಗಿದ್ದೆವು. ಆರು ಅಡಿ ಅಂತರ ಎಂದು ವೈದ್ಯರು ಹೇಳಿದ್ದೇ ತಡ, ಹಳೆಯ ದೂರಕ್ಕೆ ಹೊಸ ಸರ್ಟಿಫಿಕೇಟ್ ಸಿಕ್ಕಿತು. ದುಡಿಯಲು ಮುಂಬೈಗೆ, ಬೆಂಗಳೂರಿಗೆ ಹೋಗಿದ್ದ ನಮ್ಮವರೇ ಮರಳಿದಾಗ ದಾರಿಗೆ ಮುಳ್ಳು ಹಚ್ಚಿ ಕೂತ ಹಳ್ಳಿಗಳಿದ್ದವು. ಧರ್ಮ ಕೇಳಿ ತರಕಾರಿ ಗಾಡಿಯವರನ್ನು ಓಡಿಸಿದ್ದೂ ಆಯಿತು. ಇವರೂ ದೂರ ನಿಂತವರೇ. ರೋಗಿಯ ಹೊಸ್ತಿಲಲ್ಲಿ ರೊಟ್ಟಿ, ಪಲ್ಯ ಇಟ್ಟು, ಅಂಗಳದಿಂದಲೇ ಕೂಗಿ ಮಾತಾಡಿಸಿ ಬಂದವರೂ ದೂರ ನಿಂತವರೇ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾದೀತೇ?

ಇನ್ನು ಹೊಗಳಿಕೆಯ ಮಾತು. 2020ರ ಮಾರ್ಚ್ 22ರ ಸಂಜೆ ರೋಗದ ವಿರುದ್ಧ ದುಡಿಯುವವರಿಗಾಗಿ ನಾವೆಲ್ಲ ಚಪ್ಪಾಳೆ ತಟ್ಟಿದೆವು, ತಾಟು ಬಡಿದೆವು. ಮನೆ ಮನೆ ತಿರುಗಿ ಜ್ವರದವರ ಪಟ್ಟಿ ಬರೆದ ಆಶಾ ಕಾರ್ಯಕರ್ತೆಯರು ಅದೇ ವರ್ಷದ ಜುಲೈನಲ್ಲಿ ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಕೇಳಿ ರಾಜ್ಯದ ತುಂಬ ಮುಷ್ಕರ ಹೂಡಬೇಕಾಯಿತು. ಕೊರೋನಾ ಯೋಧರೆಂಬ ಬಿರುದು ಅವರಿಗಿತ್ತು. ಸರ್ಕಾರದ ಕಡತದಲ್ಲಿ ಮಾತ್ರ ಅವರು ಸ್ವಯಂಸೇವಕಿಯರು. ಇನ್ನೊಬ್ಬರ ತ್ಯಾಗ ಮೆಚ್ಚುವುದಕ್ಕೆ ನಮಗೆ ಒಂದು ಪೈಸೆ ಖರ್ಚಿಲ್ಲ, ಅದಕ್ಕೇ ಅಷ್ಟು ಧಾರಾಳವಾಗಿ ಮೆಚ್ಚುತ್ತೇವೆ. ನಿಮ್ಮಲ್ಲಿ ಕೆಲವರು ನಾಳೆ ಪಂಚಾಯ್ತಿಗೆ, ತಾಲ್ಲೂಕು ಕಚೇರಿಗೆ, ಖಜಾನೆಗೆ ಕೆಲಸಕ್ಕೆ ಹೋಗುವವರು. ಮುಂದಿನ ರೋಗ ಯಾವಾಗ ಬರುತ್ತದೋ. ಈ ಹೆಣ್ಣುಮಕ್ಕಳ ಬಾಕಿ ಬಿಲ್ಲು ಮಾತ್ರ ನಿಮ್ಮ ಟೇಬಲ್ಲಿಗೆ ಮೊದಲ ತಿಂಗಳೇ ಬಂದೀತು.